ಬರೀ ಬಿಯರ್ ಸಾರ್!

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರಿಗೆ ಬುದ್ಧಿ ಹೇಳುವುದು ನನ್ನ ಹೊಟ್ಟೆಪಾಡು. ಇಂಥವರು ಪುನಶ್ಚೇತನ ತರಬೇತಿ ಮುಗಿಸದೆ ಅಮಾನತಾದ ಲೈಸೆನ್ಸ್ ವಾಪಸು ಕೊಡಬೇಡಿ ಎಂದು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತು. ನನ್ನಂಥವರ ಕೈಗೆ ಮೈಕು ಸಿಕ್ಕಿತು.

ನನ್ನ ತರಗತಿಯಲ್ಲಿ ಒಬ್ಬ ಕುಡುಕನೂ ಇಲ್ಲ. ಇರುವವರೆಲ್ಲ ನತದೃಷ್ಟರು. ಒಬ್ಬರು ಮ್ಯಾಪ್ ನಂಬಿ ಅಡ್ಡದಾರಿ ಹಿಡಿದು ಸೀದಾ ಪೊಲೀಸರ ಮಡಿಲಿಗೇ ಬಿದ್ದವರು. ಇನ್ನೊಬ್ಬರು ಕೆಮ್ಮಿನ ಸಿರಪ್ಪಿನ ಸಂತ್ರಸ್ತರು. ಮತ್ತೊಬ್ಬರಿಗೆ ಪರಿಚಯದ ಶಾಸಕರ ಫೋನು ಆ ಹೊತ್ತಿಗೇ ಸ್ವಿಚ್ ಆಫ್ ಆಗಿ ಪ್ರಜಾಪ್ರಭುತ್ವದ ಮೇಲೆಯೇ ಜಿಗುಪ್ಸೆ ಬಂದಿದೆ. ಮೂಲೆಯ ಯಜಮಾನರು, "ನಾನು ಸ್ಟೆಡಿಯಾಗೇ ಇದ್ದೆ ಸಾರ್, ರಸ್ತೆಯೇ ನೆಟ್ಟಗಿರಲಿಲ್ಲ" ಎನ್ನುತ್ತಾರೆ. ಬೆಂಗಳೂರಿನಲ್ಲಿ ಈ ವಾದವನ್ನು ಅಲ್ಲಗಳೆಯುವುದು ಕಷ್ಟ.

"ಬರೀ ಬಿಯರ್ ಸಾರ್" ಎನ್ನುವವರದೇ ಬಹುಮತ. ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸುತ್ತೇನೆ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಆಲ್ಕೋಹಾಲು 52 ಮಿ.ಲೀ., ಅಂದರೆ ಹೆಚ್ಚುಕಮ್ಮಿ ಎರಡು ಲಾರ್ಜ್ ವಿಸ್ಕಿ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಬಹಳ ಜನರಿಗೆ ಅದನ್ನು ದಾಟಲು ಒಂದೇ ಲಾರ್ಜ್ ಸಾಕು. ಮುಂದಿನ ಸಾಲಿನವರೊಬ್ಬರು ಭಕ್ತಿಯಿಂದ ಬರೆದುಕೊಂಡರು. ಧನ್ಯನಾದೆ ಎಂದು ಇಣುಕಿದರೆ, ಪುಸ್ತಕದಲ್ಲಿ ಇದ್ದದ್ದು: 'ಇನ್ನು ಮೇಲೆ ವಿಸ್ಕಿ. ಒಂದು ಲಾರ್ಜ್ ಉಳಿತಾಯ.'

ಆಮೇಲೆ ಮನೆಮದ್ದಿನ ಅಧ್ಯಾಯ. ಮಜ್ಜಿಗೆ, ನಿಂಬೆಹುಳಿ, ಲವಂಗ, ಸೀಬೆ ಎಲೆ, ಸ್ಟ್ರಾಂಗ್ ಕಾಫಿ. ಕಾಫಿಯಿಂದ ಕುಡುಕನ ನಿದ್ದೆ ಹಾರುತ್ತದೆಯೇ ಹೊರತು ಅಮಲು ಹಾರುವುದಿಲ್ಲ. ಯಕೃತ್ತು ವಶೀಲಿಗೆ ಬಗ್ಗದ ಗುಮಾಸ್ತ. ಒಂದು ಲಾರ್ಜಿನ ಫೈಲು ವಿಲೇವಾರಿಗೆ ಎರಡು ತಾಸಾದರೂ ಬೇಕು. ಮೊದಲ ಸಲ ಸಿಕ್ಕರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದೆ. "ಇಎಂಐ ಇದೆಯಾ ಸಾರ್?" ಎಂದು ಹಿಂದಿನಿಂದ ದನಿ ಬಂತು.

ಒಬ್ಬ ಜಾಣ ಎದ್ದು ನಿಂತ. "2025-26ರ ಬಜೆಟ್ಟಿನಲ್ಲಿ ಅಬಕಾರಿ ಗುರಿ 40,000 ಕೋಟಿ. ಬಾರು ರಾತ್ರಿ 1ರವರೆಗೆ, ಮೆಟ್ರೊ ಅದಕ್ಕೆ ಮುಂಚೆಯೇ ಬಂದ್. ನಾವು ಗುರಿ ಮುಟ್ಟಿಸಿ ಮನೆ ಮುಟ್ಟುವುದು ಹೇಗೆ?" ಉತ್ತರಿಸುವ ಅಧಿಕಾರ ನನಗಿಲ್ಲ. ಹೆದ್ದಾರಿಯಿಂದ 500 ಮೀಟರ್ ಆಚೆಗೆ ಮದ್ಯದಂಗಡಿ ಸರಿಸಿ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಅಂಗಡಿಯನ್ನು ಕದಲಿಸದೆ ಹೆದ್ದಾರಿಯನ್ನೇ ಕಾಗದದ ಮೇಲೆ ಮಾಮೂಲಿ ರಸ್ತೆ ಮಾಡಿದ ಸರ್ಕಾರಗಳಿರುವ ದೇಶ ಇದು. ಪಬ್ಬಿನ ಬಾಗಿಲಲ್ಲಿ ಸಮವಸ್ತ್ರದ ಹುಡುಗ ಕಾರು ತಂದು ನಿಲ್ಲಿಸಿ, ಸಲ್ಯೂಟ್ ಹೊಡೆದು, ಬಿಲ್ಲಿಗೆ ಸಹಿ ಹಾಕಲೂ ತಡವರಿಸಿದ ಕೈಗೇ ಕೀಲಿ ಕೊಡುತ್ತಾನೆ. ಟಿಪ್ಸ್ ಅವನಿಗೆ, ತೆರಿಗೆ ಸರ್ಕಾರಕ್ಕೆ, ಗಿರಾಕಿ ನನಗೆ.

ಸಂಜೆ ಅಭಿಪ್ರಾಯದ ಫಾರಂ ತುಂಬಿಸಿಕೊಳ್ಳುತ್ತೇನೆ. ಎಲ್ಲರದೂ 'ತುಂಬಾ ಉಪಯುಕ್ತ'. ಸಲಹೆಯ ಜಾಗದಲ್ಲಿ, 'ಚೆಕಿಂಗ್ ನಡೆಯುವ ಸ್ಥಳಗಳ ಪಟ್ಟಿಯನ್ನೂ ಕೊಡಿ.' ತಾನು ಮನೆಗೆ ಹೋಗುವುದು ಹೇಗೆ ಎಂದು ಕೇಳದವರಿಲ್ಲ. ಎದುರಿಗೆ ರಸ್ತೆ ದಾಟುತ್ತಿದ್ದವನು ಮನೆಗೆ ಹೋಗುವುದು ಹೇಗೆ ಎಂದು ಕೇಳಿದವರು ಯಾರೂ ಇಲ್ಲ. ಪಾಪ, ಅವನನ್ನು ಪುನಶ್ಚೇತನಗೊಳಿಸುವ ತರಬೇತಿ ಯಾವ ತಿದ್ದುಪಡಿಯಲ್ಲೂ ಬಂದಿಲ್ಲ.