ನೂರ ಎಂಬತ್ತು ರೂಪಾಯಿಯ ಪೊಟ್ಯಾಸಿಯಂ

ರಾಯರನ್ನು ನೀವು ನೋಡಿಯೇ ಇರುತ್ತೀರಿ. ಬೆಳಿಗ್ಗೆ ಆರೂವರೆಗೆ, ಲ್ಯಾಬಿನ ಶಟರ್ ಏಳುವ ಮೊದಲೇ, ಹನ್ನೆರಡು ಗಂಟೆಯ ಉಪವಾಸ ಹೊತ್ತು ಮೆಟ್ಟಿಲ ಮೇಲೆ ಕೂತಿರುವವರು ಅವರೇ. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ವರ್ಷವಾರು ಜೋಡಿಸಿದ ರಸೀದಿಗಳು. ಆಡಿಟ್ ಇಲಾಖೆಯಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ಬಿಲ್ಲು ಕಂಡರೆ ಕೈ ತಾನಾಗಿ ಪೆನ್ನು ಹುಡುಕುತ್ತದೆ.

ಮಧ್ಯಾಹ್ನ ಫೋನು ಬಂತು. ‘ಸರ್, ಸ್ಯಾಂಪಲ್ ಹೀಮೊಲೈಸ್ ಆಗಿದೆ, ಪೊಟ್ಯಾಸಿಯಂ ಮಾಡೋಕಾಗಲ್ಲ. ಇನ್ನೊಂದ್ಸಲ ಬನ್ನಿ, ಫ್ರೀ.’

ಸಿರಿಂಜಿನಲ್ಲಿ ರಭಸವಾಗಿ ಎಳೆದರೆ, ಟ್ಯೂಬನ್ನು ಜೋರಾಗಿ ಕುಲುಕಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಅವುಗಳೊಳಗಿನ ಪೊಟ್ಯಾಸಿಯಂ ಸೀರಂಗೆ ಸೋರಿ, ಗಟ್ಟಿಮುಟ್ಟಾದವನ ರಿಪೋರ್ಟೂ ಐಸಿಯು ಸೇರಬೇಕಾದವನದರಂತೆ ಕಾಣುತ್ತದೆ. ಅಂಥ ಅಂಕಿ ಕೊಡದೆ ತಡೆದದ್ದು ಲ್ಯಾಬಿನ ಪ್ರಾಮಾಣಿಕತೆ, ರಾಯರೂ ಒಪ್ಪುತ್ತಾರೆ. ಆ ಪ್ರಾಮಾಣಿಕತೆಗೆ ತಮ್ಮ ದುಡ್ಡು ಹಿಡಿದಿಟ್ಟುಕೊಳ್ಳುವುದನ್ನು ಮಾತ್ರ ಒಪ್ಪುವುದಿಲ್ಲ. ಮರುದಿನ ಬೆಳಿಗ್ಗೆ ಕೌಂಟರಿನ ಹುಡುಗಿಯ ಮುಂದೆ ನಿಂತು ಪೊಟ್ಯಾಸಿಯಂನ ದುಡ್ಡು ವಾಪಸ್ ಕೇಳಿದರು.

‘ಅಂಕಲ್, ಪ್ಯಾಕೇಜಲ್ಲಿ ಒಂದೊಂದು ಟೆಸ್ಟಿಗೆ ಬೇರೆ ರೇಟಿಲ್ಲ.’

‘ಹಾಗಾದ್ರೆ ನನ್ನ ರಕ್ತ ವಾಪಸ್ ಕೊಡಮ್ಮ.’

ಪಾಪ, ಹುಡುಗಿಯದೇನು ತಪ್ಪು? ಅವಳ ಕಂಪ್ಯೂಟರಿನಲ್ಲಿರುವುದು ದುಡ್ಡು ಒಳಬರುವ ಬಟನ್ ಒಂದೇ.

ಫೈಲು ಬಿಚ್ಚಿತು. ಹಣ ಪಡೆದು ಕೊಡುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನಡಿ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕೊರತೆಯಾದ ಸೇವೆಯ ಹಣವನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಏನೂ ಬರೆಯದಿದ್ದರೆ 30 ದಿನದೊಳಗೆ, ಮರಳಿಸಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವೇ ಇಲ್ಲ. ಸಹಾಯವಾಣಿ 1915. ರಾಯರ ಬಾಬ್ತು ಒಟ್ಟು 180 ರೂಪಾಯಿ. ಹಿಂದೆ ಖಾಲಿ ಹೊಟ್ಟೆಯಲ್ಲಿ ನಿಂತವರು ಚಂದಾ ಎತ್ತಿ ಅದನ್ನು ಕೊಟ್ಟುಬಿಡಲು ತಯಾರಾಗಿದ್ದರು.

ಕೊನೆಗೆ ಮ್ಯಾನೇಜರ್ ಬಂದು ಕ್ರೆಡಿಟ್ ನೋಟ್ ಬರೆದರು: 90 ದಿನದೊಳಗೆ ಬೇರೆ ಯಾವುದಾದರೂ ಟೆಸ್ಟಿಗೆ ಬಳಸಬೇಕು. ರಾಯರು ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಬರೆದು ಸಹಿ ಹಾಕಿದರು.

ಪುಕ್ಕಟೆ ಮರುಪರೀಕ್ಷೆಗೆ ಅವರು ಹೋಗಲಿಲ್ಲ. ಹೋದರೆ ಕೇಸು ಬಿದ್ದುಹೋಗುತ್ತದಂತೆ. ಬಿಪಿ ಮಾತ್ರೆ ಬದಲಿಸಲು ಪೊಟ್ಯಾಸಿಯಂ ಎಷ್ಟೆಂದು ಡಾಕ್ಟರು ಕೇಳಿದರೆ ‘ಪ್ರಕರಣ ಬಾಕಿಯಿದೆ’ ಎನ್ನುತ್ತಾರೆ. ಮನೆಯಲ್ಲೀಗ ನೂರ ಎಂಬತ್ತು ರೂಪಾಯಿಗೆ ಸರಿಹೊಂದುವ ರೋಗಕ್ಕಾಗಿ ಹುಡುಕಾಟ.

‘ನಿನಗೇನಾದ್ರೂ ಸುಸ್ತು ಗಿಸ್ತು ಇದೆಯೇನೇ?’

‘ಇದೆ,’ ಎಂದರು ಹೆಂಡತಿ, ಹುಳಿ ಕದಡುತ್ತಲೇ. ‘ಅದು ರಕ್ತದಲ್ಲಿ ಸಿಗಲ್ಲ.’