ಓಪನ್ ಆಗ್ತಿಲ್ಲ ಸಾರ್

ಗಾಂಧಿನಗರದಲ್ಲಿ ಕಥೆ ಹೇಳುವುದಕ್ಕೆ ಯಾವ ಸಾಫ್ಟ್‌ವೇರೂ ಬೇಡ. ಹೋಟೆಲಿನ ಮೂಲೆ ಮೇಜು, ಒಂದು ಬೈ-ಟೂ ಕಾಫಿ, ಎದುರಿಗೆ ಕೂತವರ ಫೋನು ಸುಮ್ಮನಿರುವ ಅರ್ಧ ಗಂಟೆ, ಇಷ್ಟು ಸಿಕ್ಕರೆ ಇಂಟರ್ವಲ್‌ವರೆಗೆ ಹೇಳಿ ಮುಗಿಸಬಹುದು. ಹಿನ್ನೆಲೆ ಸಂಗೀತವನ್ನೂ ಬಾಯಲ್ಲೇ ಕೊಡುವ ಪುಣ್ಯಾತ್ಮರಿದ್ದಾರೆ. ಫೈಟ್ ಸೀನಿನ ಆವೇಶಕ್ಕೆ ನೀರಿನ ಲೋಟ ಉರುಳಿದರೂ ಕಥೆ ನಿಲ್ಲುವುದಿಲ್ಲ. ಕೇಳಿದವರು ಖುಷಿಯಾಗಿ, "ಲೈನ್ ಚೆನ್ನಾಗಿದೆ, ಸ್ಕ್ರಿಪ್ಟ್ ಕಳಿಸಿಬಿಡಿ" ಅನ್ನುತ್ತಾರೆ ನೋಡಿ, ನಮ್ಮ ಕಷ್ಟ ಶುರುವಾಗುವುದು ಅಲ್ಲಿಂದ. ಕಳಿಸುತ್ತೇವೆ. ಸ್ವಲ್ಪ ಹೊತ್ತಿಗೆ ಉತ್ತರ ಬರುತ್ತದೆ: "ಓಪನ್ ಆಗ್ತಿಲ್ಲ ಸಾರ್."

ಇದಾದರೂ ವಾಸಿ. ಇದಕ್ಕಿಂತ ಭಯಂಕರವಾದದ್ದು "ಓಪನ್ ಆಯ್ತು ಸಾರ್" ಎಂಬ ಉತ್ತರ. ಓಪನ್ ಆದಮೇಲೆ ಅವರಿಗೆ ಕಂಡದ್ದೇನು ಎಂಬುದು ಆ ಭಗವಂತನಿಗೇ ಗೊತ್ತು.

ನನ್ನ ವಯಸ್ಸಿನ ಸಂಭಾಷಣೆಕಾರರು ಕಂಪ್ಯೂಟರಿನಲ್ಲಿ ಕನ್ನಡ ಕುಟ್ಟಲು ಕಲಿತದ್ದು ಕನ್ನಡ ಗಣಕ ಪರಿಷತ್ತಿನ 'ನುಡಿ', ಶೇಷಾದ್ರಿವಾಸು ಅವರ 'ಬರಹ'ಗಳ ಕಾಲದಲ್ಲಿ. ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ ಬೆರಳಿಗೆ ಎಷ್ಟು ಒಗ್ಗಿದೆಯೆಂದರೆ ಈಗ ಪೆನ್ನು ಹಿಡಿದರೆ ಸಹಿಯೇ ನೆಟ್ಟಗೆ ಬರುವುದಿಲ್ಲ. ಆದರೆ ಆ ಕಾಲದ ಫಾಂಟುಗಳ ಗುಟ್ಟು ಬೇರೆ. ಕಂಪ್ಯೂಟರಿಗೆ ಗೊತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು, ಒಂದಷ್ಟು ಗುರುತುಗಳು. ಅವುಗಳಿಗೆಂದು ಇದ್ದ ಮನೆಗಳಲ್ಲೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಲಾಗಿತ್ತು. ಫಾಂಟ್ ಇರುವ ಕಡೆ ಅದು ಅಚ್ಚಗನ್ನಡ. ಫಾಂಟ್ ಇಲ್ಲದ ಕಡೆ, ಬೆಳಗಿನ ಜಾವ ಬಣ್ಣ ತೊಳೆದ ಯಕ್ಷಗಾನದ ವೇಷಧಾರಿಯ ಹಾಗೆ, ಒಳಗಿದ್ದವನು ಹೊರಗೆ ಬಂದು ನಿಲ್ಲುತ್ತಾನೆ.

ಹಾಗೆ ಹೊರಗೆ ಬಂದವನು ನಮ್ಮ ನಿರ್ಮಾಪಕರೊಬ್ಬರ ಫೋನಿನಲ್ಲಿ ಕಾಣಿಸಿಕೊಂಡ. ಅವರು ಮೂಲತಃ ವ್ಯವಹಾರಸ್ಥರು. "ಏನ್ ಸಾರ್ ಇದು, ಸ್ಕ್ರಿಪ್ಟ್ ತುಂಬಾ ಫಾರಿನ್ ದುಡ್ಡು?" ಎಂದರು. ಅವರ ಕಣ್ಣು ತಪ್ಪಲ್ಲ. ನುಡಿಯ ಹಳೆಯ ಫಾಂಟಿನಲ್ಲಿ 'ನ' ಅಕ್ಷರ ಕೂತಿರುವುದು ಬ್ರಿಟನ್ನಿನ ಪೌಂಡಿನ ಮನೆಯಲ್ಲಿ. 'ಪ' ಇರುವುದು ಜಪಾನಿನ ಯೆನ್ನಿನಲ್ಲಿ. 'ದಿ' ಎಂದರೆ ಅಮೆರಿಕದ ಸೆಂಟು. 'ನಿ' ಎಂದರೆ ಯಾವ ದೇಶಕ್ಕೂ ಸೇರದ ಸಾಮಾನ್ಯ ಹಣದ ಗುರುತು. ಹೀಗಾಗಿ 'ದಿನಾಂಕ' ಎಂದು ಬರೆದರೆ ಸೆಂಟಿನ ಪಕ್ಕ ಪೌಂಡು ಬಂದು ಕೂರುತ್ತದೆ.

ಇದರ ರುಚಿ ಹತ್ತಿದ ಮೇಲೆ ನಾನು ಸ್ಕ್ರಿಪ್ಟಿನ ಮುಖ್ಯ ಪದಗಳನ್ನೆಲ್ಲ ಫಾಂಟು ತೆಗೆದು ನೋಡತೊಡಗಿದೆ. 'ನಾಯಕ'ನಿಗೆ ಒಂದು ಪೌಂಡು, 'ನಾಯಕಿ'ಗೂ ಒಂದೇ ಪೌಂಡು. ಚಿತ್ರರಂಗದಲ್ಲಿ ಸಮಾನ ಸಂಭಾವನೆ ಜಾರಿಯಾಗಿರುವುದು ಇಲ್ಲೊಂದೇ ಕಡೆ. 'ನಿರ್ಮಾಪಕ'ನಲ್ಲಿ ಸಾಮಾನ್ಯ ಹಣವೂ ಇದೆ, ಯೆನ್ನೂ ಇದೆ. 'ನಿರ್ದೇಶಕ'ನಲ್ಲಿ ಹಣದ ಗುರುತು ಒಂದೇ, ಆಮೇಲೆ 'ಶ' ಅಕ್ಷರದ ಮನೆಯಲ್ಲಿ ಪ್ಲಸ್ಸೋ ಮೈನಸ್ಸೋ ಎಂದು ತೀರ್ಮಾನವಾಗದೆ ಎರಡೂ ಮೇಲೆ ಕೆಳಗೆ ನಿಂತಿರುವ ಗುರುತು. ಶುಕ್ರವಾರದ ಮಾರ್ನಿಂಗ್ ಶೋವರೆಗೆ ಅವನ ಸ್ಥಿತಿಯೂ ಅದೇ ತಾನೆ? 'ಬಿಡುಗಡೆ' ಶುರುವಾಗುವುದೇ ಕಾಪಿರೈಟಿನ ಗುರುತಿನಿಂದ. 'ಸಾಲ'ದ ಕೊನೆಗಿರುವುದು ರಿಜಿಸ್ಟರ್ ಆಗಿದೆ ಎಂಬ ಮುದ್ರೆ. 'ಹಣ' ಎಂಬ ಪದದಲ್ಲಿ ಮಾತ್ರ ಯಾವ ದೇಶದ ಹಣವೂ ಇಲ್ಲ. ಕಡೆಗೆ 'ಬರಹಗಾರ' ಎಂದು ಕುಟ್ಟಿ ನೋಡಿದೆ. ಮೊದಲಿಗೆ ವಕೀಲರು ಸೆಕ್ಷನ್ ಸಂಖ್ಯೆಯ ಮುಂದೆ ಹಾಕುವ ಗುರುತು, ಆಮೇಲೆ ಒಂದಷ್ಟು ಬಡಪಾಯಿ ಅಕ್ಷರಗಳು. ಪೌಂಡಿಲ್ಲ, ಯೆನ್ನಿಲ್ಲ, ಒಂದು ಸೆಂಟೂ ಇಲ್ಲ. ಫಾಂಟು ಮಾಡಿದವರು ಖಾಲಿ ಸಿಕ್ಕ ಮನೆಗಳಿಗೆ ಅಕ್ಷರ ಹಂಚಿದರೇ ಹೊರತು ಚಿತ್ರರಂಗದ ಲೆಕ್ಕಪತ್ರ ನೋಡಿ ಹಂಚಿದವರಲ್ಲ. ಆದರೂ ಇಷ್ಟು ಕರಾರುವಾಕ್ಕಾದ ಲೆಕ್ಕ ನಾನು ಬೇರೆಲ್ಲೂ ಕಂಡಿಲ್ಲ.

"ಯೂನಿಕೋಡಿಗೆ ಕನ್ವರ್ಟ್ ಮಾಡಿ ಕಳಿಸಿ" ಎನ್ನುತ್ತಾರೆ ತಿಳಿದವರು. ಒಳ್ಳೆಯ ಮಾತು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಬಡಾವಣೆ ಸಿಕ್ಕಿದೆ. ಯೆನ್ನು ಪೌಂಡುಗಳ ಮನೆಯಲ್ಲಿ ಬಾಡಿಗೆಗಿರುವ ಅಗತ್ಯವಿಲ್ಲ. ತೊಡಕಿರುವುದು ಮನೆ ಬದಲಾಯಿಸುವಾಗ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕುಟ್ಟಿರುತ್ತೇವೆ. ಯೂನಿಕೋಡಿನಲ್ಲಿ 'ರ್' ಉಚ್ಚಾರದ ಕ್ರಮದಲ್ಲಿ ಮೊದಲೇ ಬರಬೇಕು. ಅರೆಬೆಂದ ಪರಿವರ್ತಕಕ್ಕೆ ಈ ಸೂಕ್ಷ್ಮ ತಿಳಿಯದೆ ಅರ್ಕಾವತ್ತು ಒಂದು ಮನೆ ಮುಂದಕ್ಕೆ ಜಿಗಿಯುತ್ತದೆ. ಕರ್ನಾಟಕ 'ಕನಾರ್ಟಕ'ವಾಗುತ್ತದೆ, ಧರ್ಮ 'ಧಮರ್' ಆಗುತ್ತದೆ. ನನ್ನ ಸ್ಕ್ರಿಪ್ಟಿನ ನಾಯಕ ಅರ್ಜುನ 'ಅಜುರ್ನ' ಆಗಿ ಹೋದದ್ದನ್ನು ನೋಡಿ ವಸ್ತ್ರವಿನ್ಯಾಸದ ಹುಡುಗ, "ಈ ಕ್ಯಾರೆಕ್ಟರ್ ಯಾವ ದೇಶದವನು ಸಾರ್, ಡ್ರೆಸ್ ಹೆಂಗಿರಬೇಕು?" ಎಂದು ವಿನಯದಿಂದ ಕೇಳಿದ. ಟೈಟಲ್ ಕಾರ್ಡಿನ ಪುಟದಲ್ಲಿ ನಿರ್ಮಾಪಕರು 'ನಿಮಾರ್ಪಕ'ರಾಗಿ, ನಿರ್ದೇಶಕರು 'ನಿದೇರ್ಶಕ'ರಾಗಿ ನಿಂತಿದ್ದರು. ಬರಹಗಾರನಿಗೆ ಮಾತ್ರ ಏನೂ ಆಗಿರಲಿಲ್ಲ. ಅವನಲ್ಲಿ ಅರ್ಕಾವತ್ತೂ ಇಲ್ಲ.

ಇನ್ನು ನಮ್ಮ ಕಡೆಯ ಹಳೆಯ ಪದ್ಧತಿಯೊಂದಿದೆ: ಪುಟವನ್ನು ಎರಡು ಭಾಗ ಮಾಡಿ ಎಡಕ್ಕೆ ದೃಶ್ಯ, ಬಲಕ್ಕೆ ಮಾತು. ಕಾಗದದ ಮೇಲೆ ಇಷ್ಟು ಚೆಂದದ ವ್ಯವಸ್ಥೆ ಇನ್ನೊಂದಿಲ್ಲ. ಅದನ್ನು ಇನ್ಯಾವುದೋ ಸಾಫ್ಟ್‌ವೇರಿಗೆ ದಾಟಿಸಿದರೆ ಎಡಭಾಗವೆಲ್ಲ ಮೊದಲು ಬಂದು, ಬಲಭಾಗವೆಲ್ಲ ಆಮೇಲೆ ಬಂದದ್ದುಂಟು. ಫಸ್ಟ್ ಹಾಫ್ ಪೂರ್ತಿ ಮೂಕಿ ಚಿತ್ರ, ಕನ್ನಡದ ಮೊದಲ ಟಾಕಿಯಾದ 1934ರ 'ಸತಿ ಸುಲೋಚನಾ'ಕ್ಕಿಂತ ಹಿಂದಿನ ಕಾಲದ್ದು. ಸೆಕೆಂಡ್ ಹಾಫ್ ಅಪ್ಪಟ ರೇಡಿಯೋ ನಾಟಕ. ಓದಿದ ಒಬ್ಬರು "ಪ್ರಯೋಗ ಚೆನ್ನಾಗಿದೆ, ಫೆಸ್ಟಿವಲ್ಲಿಗೆ ಕಳಿಸೋಣ" ಎಂದರು.

ಹೊಸ ಕಾಲದ ನಿರ್ದೇಶಕರು ಕೇಳುವುದು ಹಾಲಿವುಡ್ ಫಾರ್ಮ್ಯಾಟು. ಅಲ್ಲಿಯ ದೊಡ್ಡ ಹೆಸರು 'ಫೈನಲ್ ಡ್ರಾಫ್ಟ್'. ಅದರ ಹಳೆಯ ಫೈಲು ಬಾಯಿ ಮುಚ್ಚಿದ ಪೆಟ್ಟಿಗೆ. 2009ರ ಎಂಟನೆಯ ಆವೃತ್ತಿಯಲ್ಲಿ ಎಕ್ಸ್‌ಎಂಎಲ್ ಆಧಾರದ ಹೊಸ ಸ್ವರೂಪ ಬಂದಮೇಲೆ ಬೇರೆ ಸಾಫ್ಟ್‌ವೇರುಗಳಿಗೂ ಒಳಗೆ ಇಣುಕುವ ದಾರಿ ಸಿಕ್ಕಿತು. ಆದರೆ ಅಲ್ಲಿನ ಶಾಸ್ತ್ರವೆಲ್ಲ ನಿಂತಿರುವುದು ಕೊರಿಯರ್ ಎಂಬ ಫಾಂಟಿನ ಮೇಲೆ. 1950ರ ದಶಕದಲ್ಲಿ ಹೋವರ್ಡ್ ಕೆಟ್ಲರ್ ಎಂಬವರು ಐಬಿಎಂ ಟೈಪ್‌ರೈಟರಿಗೆಂದು ಮಾಡಿದ ಅಕ್ಷರ. ತೆಳ್ಳಗಿನ 'ಐ'ಗೂ ದಪ್ಪನೆಯ 'ಡಬ್ಲ್ಯು'ಗೂ ಒಂದೇ ಅಳತೆಯ ಕುರ್ಚಿ, ಅಂಗುಲಕ್ಕೆ ಹತ್ತು ಅಕ್ಷರ; ಹಾಗೆ ಕುಟ್ಟಿದ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ಅಲ್ಲಿಯ ಲೆಕ್ಕ. ನಮ್ಮ 'ಸ್ತ್ರೀ', 'ರಾಷ್ಟ್ರ'ಗಳನ್ನು ಆ ಕುರ್ಚಿಯಲ್ಲಿ ಕೂರಿಸಿ ನೋಡಿ. ಕಾಲು ಕೆಳಗಿನ ಸಾಲಿನವರ ತಲೆಗೆ ತಾಗುತ್ತದೆ. ಒತ್ತಕ್ಷರಕ್ಕೆ ಜಾಗ ಕೊಡಲು ಸಾಲುಗಳ ಅಂತರ ಹಿಗ್ಗಿ, ಪುಟ ಬೆಳೆದು, ಎರಡು ಗಂಟೆಯ ಚಿತ್ರ ಮೂರು ಗಂಟೆಯ ಹಾಗೆ ಕಾಣುತ್ತದೆ. ತಕ್ಷಣ ಯಾರೋ "ಸೆಂಟಿಮೆಂಟ್ ಸೀನ್ ಕಟ್ ಮಾಡಿ" ಅನ್ನುತ್ತಾರೆ. ಒತ್ತಕ್ಷರದ ತಪ್ಪಿಗೆ ತಾಯಿಯ ಪಾತ್ರ ಬಲಿಯಾಗುತ್ತದೆ.

ಈ ಫೈಲು ಜಗಳ ಬೇಡವೆಂದೇ 2012ರಲ್ಲಿ ಜಾನ್ ಆಗಸ್ಟ್, ಸ್ಟೂ ಮಾಶ್ವಿಟ್ಸ್ ಮೊದಲಾದವರು 'ಫೌಂಟನ್' ಎಂಬ ಪದ್ಧತಿ ತಂದರು. ಬರೀ ಪಠ್ಯ. ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತದೆ, ನೂರು ವರ್ಷ ಕಳೆದರೂ ತೆರೆದೀತು. ನನಗೆ ಇದರ ಮೇಲೆ ನಿಜವಾದ ಗೌರವವಿದೆ. ಕಷ್ಟ ಒಂದೇ: ಇಡೀ ಸಾಲು ದೊಡ್ಡ ಅಕ್ಷರಗಳಲ್ಲಿದ್ದರೆ ಅದು ಪಾತ್ರದ ಹೆಸರು ಎಂದು ಅದು ಗುರುತಿಸುತ್ತದೆ. ಕನ್ನಡದಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಂಬ ಪಂಕ್ತಿಭೇದ ಎಲ್ಲಿದೆ? ಹೀರೋ ಹೆಸರೂ ಅಷ್ಟೇ, ಹಿಂದೆ ಛತ್ರಿ ಹಿಡಿದವನ ಹೆಸರೂ ಅಷ್ಟೇ. ಪುಣ್ಯಕ್ಕೆ ಅವರೇ ಒಂದು ಹಿಂಬಾಗಿಲು ಇಟ್ಟಿದ್ದಾರೆ: ಹೆಸರಿನ ಮುಂದೆ ಇಮೇಲಿನಲ್ಲಿ ಬರುವ 'ಅಟ್' ಗುರುತು ಹಾಕಬೇಕು, ದೃಶ್ಯದ ತಲೆಬರಹದ ಮುಂದೆ ಒಂದು ಚುಕ್ಕಿ. ಹೀಗೆ ಬರೆದ ಜಗಳದ ಸೀನನ್ನು ನಮ್ಮ ಹಿರಿಯ ನಟರೊಬ್ಬರಿಗೆ ತೋರಿಸಿದರೆ, "ಇವರೆಲ್ಲ ಇಮೇಲ್‌ನಲ್ಲೇ ಜಗಳ ಆಡ್ತಾರಾ?" ಎಂದರು.

ಬರೀ ಪಠ್ಯವೂ ಪೂರ್ತಿ ಸುರಕ್ಷಿತವಲ್ಲ. ಸಾಲು ಮುಗಿಯಿತು ಎನ್ನಲು ವಿಂಡೋಸು ಎರಡು ಗುರುತು ಇಡುತ್ತದೆ, ಮ್ಯಾಕು ಒಂದೇ. ಆ ಒಂದೇ ಗುರುತು ವಿಂಡೋಸಿನ ನೋಟ್‌ಪ್ಯಾಡಿಗೆ 2018ರವರೆಗೂ ತಿಳಿಯುತ್ತಿರಲಿಲ್ಲ. ಮ್ಯಾಕಿನಿಂದ ಹೊರಟ ಇಡೀ ಚಿತ್ರಕಥೆ ಅಲ್ಲಿ ಒಂದೇ ಸಾಲಾಗಿ ಬಂದು ಬೀಳುತ್ತಿತ್ತು. "ಒನ್‌ಲೈನ್ ಕೊಡಿ" ಎಂದು ಕೇಳುವ ನಿರ್ಮಾಪಕರಿಗೆ ಇದಕ್ಕಿಂತ ನಿಷ್ಠೆಯಿಂದ ಯಾರೂ ಒನ್‌ಲೈನ್ ಕೊಟ್ಟಿರಲಾರರು.

ಇಷ್ಟೆಲ್ಲ ದಾಟಿ ಸೆಟ್ಟಿಗೆ ಹೋದಮೇಲೆ ಆಗುವುದೇನು? ಅಸೋಸಿಯೇಟು ಪ್ರಿಂಟ್ ತೆಗೆದು, ಜೆರಾಕ್ಸ್ ಮಾಡಿಸಿ, ಸೀನ್ ಪೇಪರನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಕನ್ನಡ ಬಾರದ ನಾಯಕಿಗೆ ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕೈಯಾರೆ ಬರೆದುಕೊಡುತ್ತಾನೆ. ಅವಳು ಓದುವ ರೀತಿಗೆ ಹೋಲಿಸಿದರೆ ಅಜುರ್ನನೇ ವಾಸಿ.

ಬರೆಯುವ ಗೆಳೆಯರೇ, ಹಳೆಯ ನುಡಿ ಫಾಂಟಿನ ಫೈಲುಗಳು ನಿಮ್ಮಲ್ಲೂ ಇದ್ದಾವು. ಅವನ್ನು ಓದಬಲ್ಲ ಕಂಪ್ಯೂಟರು ಇನ್ನೂ ಉಸಿರಾಡುತ್ತಿರುವಾಗಲೇ ಯೂನಿಕೋಡಿಗೆ ತಂದಿಡಿ, ಅರ್ಕಾವತ್ತುಗಳನ್ನು ಒಂದೊಂದಾಗಿ ಕಣ್ಣಾರೆ ನೋಡಿ. ಯಾರಿಗಾದರೂ ಸ್ಕ್ರಿಪ್ಟ್ ಕಳಿಸುವಾಗ ಜೊತೆಗೊಂದು ಫಾಂಟ್ ಸೇರಿಸಿದ ಪಿಡಿಎಫ್ ಇರಲಿ. ಕಳಿಸಿದ ಮೇಲೆ ಫೋನ್ ಮಾಡಿ, ಓಪನ್ ಆಯಿತೇ ಎಂದು ಕೇಳಬೇಡಿ. ಮೊದಲ ಸಾಲು ಓದಿ ಹೇಳಿ ಎನ್ನಿ.