ಹೊಳ್ಳಿಸುವಾಗ ಬರುವ ಸಪ್ಪಳ

ಬೆಳಿಗ್ಗೆ ಬೇಲಿ ಪಕ್ಕದ ಗಿಡಕ್ಕೆ ನೀರು ಹಾಕುತ್ತಿದ್ದೆ. ಆಚೆ ಮನೆಯ ಕಾಕಾ ಕಾರನ್ನು ಅಂಗಳದಿಂದ ತೆಗೆದು ಬಲಕ್ಕೆ ಹೊಳ್ಳಿಸಿದರು. ಟಕ್ ಟಕ್ ಟಕ್.

"ಕಾಕಾ, ನಿಲ್ಲಸ್ರಿ. ಇನ್ನೊಮ್ಮೆ ಹೊಳ್ಳಸ್ರಿ ನೋಡೋಣ."

"ಎಂಟ್ ದಿನ ಆಯ್ತು ತಮ್ಮಾ, ಹಿಂಗೇ ಮಾಡ್ಲತ್ತದ. ಗಾಡಿ ಏನ್ ನಿಂತಿಲ್ಲಲ್ಲ. ಒಂದಿಷ್ಟು ಎಣ್ಣಿ ಬಿಟ್ರ ಸುಮ್ಮಾಗ್ತದ."

ಎಣ್ಣೆ ಅಂದ ಕೂಡಲೇ ಪೈಪು ಕೆಳಗಿಟ್ಟೆ. ಕಾಕಾ ಅರ್ಧ ಆಯುಷ್ಯ ಎತ್ತಿನ ಬಂಡಿ ಹೊಡೆದವರು. ಬಂಡಿ ಕಿರ್ರೆಂದರೆ ಕೀಲೆಣ್ಣೆ ಹಚ್ಚಬೇಕು, ಅಲ್ಲಿ ಅದೇ ಸರಿಯಾದ ಮದ್ದು. ಗಾಲಿ ಅಚ್ಚಿನ ಮೇಲೇ ತಿರುಗುತ್ತದೆ, ನಡುವೆ ಬೇರೇನೂ ಇಲ್ಲ. ಕಾರಿನ ಮುಂದಿನ ಗಾಲಿಯ ಹಿಂದೆ ಮಾತ್ರ ಎಲ್ಲೆಲ್ಲೂ ರಬ್ಬರ್. ಅದಕ್ಕೆ ಎಂಜಿನ್ ಆಯಿಲ್ ತಾಗಿದರೆ ಉಬ್ಬಿ, ಮೆತ್ತಗಾಗಿ, ಹರಿದುಹೋಗುತ್ತದೆ.

ಇದು ನನಗೆ ಆದದ್ದೇ. ಹೋದ ವರ್ಷ ನನ್ನ ಕಾರು ಗುಂಡಿ ಇಳಿದಾಗ, ಹೊಳ್ಳುವಾಗ ಕಿರುಗುಡುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಗಾಲಿಯನ್ನು ಹಿಡಿದಿಡುವ ಲೋವರ್ ಆರ್ಮಿನ ರಬ್ಬರ್ ಬುಶ್ಶಿಗೆ ಹಳೇ ಆಯಿಲ್ ಸುರಿದು ಕಳಿಸಿದರು. ಹದಿನೈದು ದಿನ ಸಪ್ಪಳವೇ ಇಲ್ಲ. ಆಮೇಲೆ ಬುಶ್ ಪೂರಾ ಕಿತ್ತುಬಂತು. ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಅದೇ ಆರ್ಮಿನ ತುದಿಯಲ್ಲಿದ್ದ ಬಾಲ್ ಜಾಯಿಂಟ್ ಸಹ ಸವೆದು ಅಲುಗಾಡುತ್ತಿತ್ತು. ಅದು ಕಳಚಿದರೆ ಗಾಲಿ ಮಡಚಿ ಬೀಳುತ್ತದೆ. ಹುಮನಾಬಾದಿನ ಹತ್ತಿರ 65ನೇ ಹೆದ್ದಾರಿಯಲ್ಲಿ, ಮಕ್ಕಳನ್ನು ಕೂಡಿಸಿಕೊಂಡು ಹೋಗುವಾಗ ಹಾಗಾಗಿದ್ದರೆ? ಸಪ್ಪಳ ಆ ಮಾತನ್ನೇ ಹೇಳುತ್ತಿತ್ತು, ನಾವು ಅದರ ಬಾಯಿಗೆ ಎಣ್ಣೆ ಸುರಿದೆವು. ಕಿರುಗುಡುವುದು ರಬ್ಬರೋ ಅಲ್ಲವೋ ತಿಳಿಯಬೇಕಾದರೆ ಒಂದು ತಂಬಿಗೆ ನೀರು ಸಾಕು. ನೀರು ಬಿದ್ದೊಡನೆ ಸಪ್ಪಳ ಕಡಿಮೆಯಾದರೆ ಬುಶ್ಶಿನ ಮೇಲೆ ಗುಮಾನಿ ಪಡಬೇಕು.

"ಆದ್ರ ನಂದು ಕಿರ್ ಅಲ್ಲ, ಟಕ್ ಟಕ್" ಅಂದರು ಕಾಕಾ.

ಅದೇ ಮುಖ್ಯ. ಅಂಬಾಸಿಡರ್ ಕಾಲದಲ್ಲಿ ಈ ಟಕ್ ಟಕ್ ಯಾರಿಗೂ ಗೊತ್ತಿರಲಿಲ್ಲ. ಅದರಲ್ಲಿ ಎಂಜಿನ್ನಿನ ಜೋರು ಹಿಂದಿನ ಗಾಲಿಗೆ ಹೋಗುತ್ತಿತ್ತು, ಮುಂದಿನವು ಬರೀ ದಿಕ್ಕು ತಿರುಗಿಸುತ್ತಿದ್ದವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಎಳೆಯುವ ಕೆಲಸವೂ ತಿರುಗುವ ಕೆಲಸವೂ ಮುಂದಿನ ಗಾಲಿಯ ಮೇಲೇ ಬಿತ್ತು. ಎರಡನ್ನೂ ಒಟ್ಟಿಗೆ ನಡೆಸುವುದು ಸಿವಿ ಜಾಯಿಂಟ್. ಒಳಗೆ ಆರು ಉಕ್ಕಿನ ಗುಂಡುಗಳು ತಮ್ಮ ತಮ್ಮ ಕಾಲುವೆಯಲ್ಲಿ ಓಡಾಡುತ್ತವೆ, ಮೇಲೆ ಗ್ರೀಸ್ ತುಂಬಿದ ರಬ್ಬರ್ ಬೂಟು. ಬೂಟು ಹರಿದರೆ ಗ್ರೀಸ್ ಹೊರಗೆ, ಧೂಳು ಒಳಗೆ. ನಮ್ಮ ಕಡೆ ಮುರುಮಿನ ಧೂಳೆಂದರೆ ಉಪ್ಪುಕಾಗದವೇ. ಎರೆ ಮಣ್ಣಿನ ಮೇಲೆ ಹಾಸಿದ ರಸ್ತೆಯಂತೂ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಅಲೆ ಅಲೆಯಾಗುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಓಡಾಡಿದ ಮೇಲೆ ಕೇಳುವುದೇ ಬೇಡ.

ಬಲಕ್ಕೆ ಹೊಳ್ಳಿಸಿದಾಗ ಸಪ್ಪಳ ಬಂದರೆ ಸಾಮಾನ್ಯವಾಗಿ ಎಡಗಡೆಯ, ಅಂದರೆ ಹೊರಗಿನ ಗಾಲಿಯ ಜಾಯಿಂಟ್. ಸ್ಟೇರಿಂಗ್ ಪೂರಾ ತಿರುಗಿಸಿ, ಗಾಡಿ ಬಂದ್ ಮಾಡಿ, ಇಬ್ಬರೂ ಬಗ್ಗಿ ನೋಡಿದೆವು. ಬೂಟು ಒಂದು ಬೆರಳುದ್ದ ಹರಿದಿತ್ತು. ರಿಮ್ಮಿನ ಒಳಮೈಗೆಲ್ಲ ಕರಿ ಗ್ರೀಸ್ ಸಿಡಿದಿತ್ತು.

"ಹೊಸ ಬೂಟ್ ಹಾಕಿದ್ರ ಆಗಲ್ಲೇನ?"

"ಸಪ್ಪಳ ಬರೋ ಮೊದ್ಲೇ ನೋಡಿದ್ರ ಆಗ್ತಿತ್ತು ಕಾಕಾ. ತೊಳದು, ಹೊಸ ಗ್ರೀಸ್ ತುಂಬಿ, ಬೂಟ್ ಹಾಕಿದ್ರ ಜಾಯಿಂಟ್ ಉಳೀತಿತ್ತು. ಈಗ ಗುಂಡಿನ ಹಾದೀನೇ ಸವದಿರ್ತದ. ಬದಲಿ ಮಾಡೋದೇ."

ಹೋಗುವ ಮೊದಲು ಉಳಿದದ್ದನ್ನೂ ನೋಡಿಬಿಡೋಣ ಅಂದೆ. ಕಾಕಾ ನಿಂತ ಗಾಡಿಯಲ್ಲಿ ಸ್ಟೇರಿಂಗ್ ತಿರುಗಿಸಿದರು, ನಾನು ಬಾನೆಟ್ ಎತ್ತಿ ಸ್ಪ್ರಿಂಗಿನ ನೆತ್ತಿಯಲ್ಲಿರುವ ಸ್ಟ್ರಟ್ ಮೌಂಟಿನ ಮೇಲೆ ಅಂಗೈ ಇಟ್ಟೆ. ಒಳಗಿನ ಬೇರಿಂಗ್ ಹಿಡಿದುಕೊಂಡಿದ್ದರೆ ಸ್ಪ್ರಿಂಗು ಸುತ್ತಿಕೊಂಡು ಟಣ್ ಅಂತ ಬಿಡುತ್ತದೆ, ಕೈಗೇ ತಾಗುತ್ತದೆ. ಇಲ್ಲಿ ಹಾಗೇನೂ ಆಗಲಿಲ್ಲ. ಜಾಕಿ ಹಚ್ಚಿ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದೆ, ಬಾಲ್ ಜಾಯಿಂಟ್ ಗಟ್ಟಿ. ಎಡಕ್ಕೆ ಬಲಕ್ಕೆ ಅಲುಗಾಡಿಸಿದೆ, ಟೈ ರಾಡ್ ತುದಿಯೂ ಗಟ್ಟಿ. ಇದಕ್ಕೆ ಹತ್ತು ನಿಮಿಷ ಸಾಕು. ಇಷ್ಟು ನೋಡಿಕೊಂಡು ಹೋದರೆ ಗ್ಯಾರೇಜಿನಲ್ಲಿ ಒಂದರ ಬದಲು ನಾಲ್ಕು ಸಾಮಾನು ಬದಲಿಸಿಕೊಂಡು ಬರುವುದು ತಪ್ಪುತ್ತದೆ.

ಇನ್ನೊಂದು ಮಾತು ಒತ್ತಿ ಹೇಳಿದೆ. ಜಾಯಿಂಟ್ ಬದಲಿಸಲು ಲೋವರ್ ಆರ್ಮ್ ಬಿಚ್ಚಿದರೆ, ಬುಶ್ಶಿನ ಬೋಲ್ಟನ್ನು ಗಾಡಿ ನೆಲದ ಮೇಲೆ ಭಾರ ಬಿಟ್ಟು ನಿಂತಾಗಲೇ ಕೊನೆಯ ಬಿಗಿ ಬಿಗಿಯಬೇಕು. ಜಾಕಿ ಮೇಲಿದ್ದಾಗ ಬಿಗಿದರೆ ಇಳಿಸಿದೊಡನೆ ರಬ್ಬರ್ ತಿರುಚಿಕೊಂಡು ಬೇಗನೆ ಹರಿಯುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್.

ಕಾಕಾ ಮೆಲ್ಲಗೆ ಹುಮನಾಬಾದಿಗೆ ಹೋದರು. ಸಂಜೆ ಬೇಲಿ ಹತ್ತಿರ ಬಂದು ಹಳೆ ಪೇಪರಿನ ಗಂಟು ಬಿಚ್ಚಿದರು. ಬಿಚ್ಚಿಸಿಕೊಂಡು ಬಂದ ಜಾಯಿಂಟ್. ಗುಂಡಿನ ಹಾದಿಯಲ್ಲಿ ಉಗುರು ಸಿಕ್ಕುವಷ್ಟು ತಗ್ಗು ಬಿದ್ದಿತ್ತು. ಕಾಕಾ ಅದನ್ನು ಬೆರಳಿನಿಂದ ಸವರಿ ಸವರಿ ನೋಡಿದರು.

"ಬ್ಯಾಟರಿ ಅದ ಏನ ತಮ್ಮಾ?" ಅಂದರು. "ಬಲಗಡಿ ಬೂಟ್ ಈಗೇ ನೋಡಿಬಿಡೋಣ, ಬಾ."